ಮಾತು, ಧಾತು ಮತ್ತು ಕರ್ತೃತ್ವ: ಪಿಂಕ್ ಫ್ಲಾಯ್ಡ್ ತಂಡದ ರಿಚರ್ಡ್ ರೈಟ್

ದೇವಗಿರಿಯ ಸೇವುಣರ ಆಸ್ಥಾನದಲ್ಲಿ 13ನೆಯ ಶತಮಾನದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ವಾಗ್ಗೇಯಕಾರನ ಲಕ್ಷಣವನ್ನು ಹೇಳುತ್ತಾನೆ. ಹಾಡಿನ ನುಡಿಗೆ ‘ಮಾತು’ ಎಂದೂ ಅದರ ಸ್ವರರಚನೆಗೆ ‘ಧಾತು’ ಎಂದೂ ಹೆಸರು. ಎರಡನ್ನೂ ಸಮರ್ಥವಾಗಿ ರಚಿಸಬಲ್ಲವನು ಉತ್ತಮ ವಾಗ್ಗೇಯಕಾರ. ಧಾತುವಿನಲ್ಲಿ ಪ್ರೌಢನಾಗಿ ಮಾತಿನಲ್ಲಿ ಮಂದನಾದವನು ಮಧ್ಯಮ. ಮಾತು ಎಷ್ಟೇ ರಮ್ಯವಾಗಿದ್ದರೂ ಧಾತು ಮಂದವಾಗಿದ್ದರೆ ಅಂಥವನು ಅಧಮ. ಬೇರೊಬ್ಬರ ಧಾತುವಿಗೆ ಮಾತನ್ನು ಹೊಂದಿಸುವವನಿಗೆ ‘ಕುಟ್ಟಿಕಾರ’ನೆಂದು ಬೇರೆಯೇ ಒಂದು ಹೆಸರುಂಟು. ಈ ತಾರತಮ್ಯವನ್ನು ನಾವು ಪಠ್ಯಗಳಲ್ಲಿ ಓದಿ, ಪರೀಕ್ಷೆಗಳಲ್ಲಿ ಬರೆಸಿ, ಅಷ್ಟಕ್ಕೇ ಬಿಟ್ಟುಬಿಡುತ್ತೇವೆ. ಆದರೆ ಇಂಗ್ಲಿಷ್ ರಾಕ್ ಸಂಗೀತದ ಬಗೆಗೆ ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಬಂದಿರುವ ವಿಮರ್ಶೆಯನ್ನು ಈ ಲಕ್ಷಣದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಶ್ರೇಣಿ ಬಹುಮಟ್ಟಿಗೆ ತಲೆಕೆಳಗಾಗಿದೆ. ಮಾತನ್ನು ಬರೆದವನೇ ಹಾಡಿನ ಒಡೆಯ; ಧಾತುವನ್ನು ಕಟ್ಟಿದವನು ಸಹಾಯಕ.

ಇದಕ್ಕೆ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಮಾತನ್ನು ಅಚ್ಚು ಹಾಕಬಹುದು, ಉದ್ಧರಿಸಬಹುದು, ತರಗತಿಯಲ್ಲಿ ವಿವರಿಸಬಹುದು. ಧಾತುವನ್ನು ಕೇಳಬೇಕು, ಕೇಳಿದ್ದನ್ನು ಗದ್ಯದಲ್ಲಿ ಹೇಳಹೊರಟರೆ ಲೇಖನಿ ತೊದಲುತ್ತದೆ. ಸಾಹಿತ್ಯ ವಿಭಾಗಗಳಲ್ಲಿ ಕೆಲಸ ಮಾಡುವ ನಾವು ಹಾಡನ್ನು ಎತ್ತಿಕೊಂಡಾಗಲೆಲ್ಲ ಅದನ್ನು ಕವಿತೆಯಾಗಿ ಓದಿ ಮುಗಿಸುವುದು ವಾಡಿಕೆಯೇ ಆಗಿದೆ. ಈ ವಾಡಿಕೆಯಿಂದ ಯಾರಿಗೆ ಅನ್ಯಾಯವಾಗುತ್ತದೆಂಬುದನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಿದರ್ಶನವಾಗಿ ನಾವು ಆರಿಸಿಕೊಂಡಿರುವವನು ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ತಂಡದಲ್ಲಿ ಆರ್ಗನ್, ಪಿಯಾನೊ, ಸಿಂಥಸೈಜರುಗಳನ್ನು ನುಡಿಸುತ್ತಿದ್ದ ರಿಚರ್ಡ್ ವಿಲಿಯಂ ರೈಟ್.

ರೈಟನು 1943ರ ಜುಲೈ 28ರಂದು ಲಂಡನ್ನಿನ ವಾಯುವ್ಯಕ್ಕಿರುವ ಹ್ಯಾಚ್ ಎಂಡ್ ಎಂಬಲ್ಲಿ ಜನಿಸಿದನು. ಬಾಲ್ಯದಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಾಗ ಗಿಟಾರನ್ನು ತಾನಾಗಿಯೇ ಕಲಿತನು. ಪಿಯಾನೊ, ಟ್ರಂಪೆಟ್‌ಗಳೂ ಆ ಕಾಲದಲ್ಲೇ ಕೈಗೆ ಹತ್ತಿದವು. 1962ರಲ್ಲಿ ವಾಸ್ತುಶಿಲ್ಪವನ್ನು ಓದಲೆಂದು ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್ಕನ್ನು ಸೇರಿದನು. ಅಲ್ಲಿ ಸಹಪಾಠಿಗಳಾಗಿ ದೊರೆತವರು ರೋಜರ್ ವಾಟರ್ಸ್ ಮತ್ತು ನಿಕ್ ಮೇಸನ್. ವಾಸ್ತುಶಿಲ್ಪದಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ಕೆಲಕಾಲ ಲಂಡನ್ ಸಂಗೀತ ಕಾಲೇಜಿನಲ್ಲಿ ಕಲಿತನು. ಜಾಜ್ ಸಂಗೀತದ ಮೇಲೆ, ಅದರಲ್ಲಿಯೂ ಮೈಲ್ಸ್ ಡೇವಿಸನ ಮೇಲೆ ಅವನಿಗಿದ್ದ ಪ್ರೀತಿಯನ್ನು ಇಲ್ಲಿ ನೆನಪಿನಲ್ಲಿಡಬೇಕು. ತಂಡದ ಉಳಿದವರು ಅಮೆರಿಕದ ಬ್ಲೂಸ್ ಹಾಡುಗಳಿಂದ ಬಂದವರು. ಇವನ ಕಿವಿ ಬೇರೆ ಕಡೆಯದು. ಕೇಂಬ್ರಿಜ್‌ನ ಸಿಡ್ ಬ್ಯಾರೆಟ್ ಬಂದು ಸೇರಿದ ಮೇಲೆ, 1965ರ ಸುಮಾರಿಗೆ ತಂಡವು ನಮಗೆ ಪರಿಚಿತವಾದ ರೂಪವನ್ನು ತಾಳಿತು.

1967ರಲ್ಲಿ ಹೊರಬಂದ ಮೊದಲ ಧ್ವನಿಮುದ್ರಿಕೆ ‘ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್’ ಬಹುತೇಕ ಬ್ಯಾರೆಟನ ಕೃತಿ. ಆದರೂ ಆ ಮುದ್ರಿಕೆಗೆ ಒಂದು ಬಣ್ಣವಿದೆಯೆಂದು ಕೇಳುಗರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ರೈಟನ ಫಾರ್ಫಿಸಾ ಆರ್ಗನ್. ಅದು ಅಂಥ ಬೆಲೆಬಾಳುವ ವಾದ್ಯವೇನಲ್ಲ. ನಾದವೂ ಸ್ವಲ್ಪ ತೆಳು. ರೈಟನು ಅದನ್ನು ಬಿನ್ಸನ್ ಕಂಪನಿಯ ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸಿ, ಒಂದು ಸ್ವರ ಮುಗಿಯುವ ಮೊದಲೇ ಅದರ ನೆರಳು ಇನ್ನೊಂದರ ಮೇಲೆ ಬೀಳುವಂತೆ ಮಾಡಿದನು. ‘ಅಸ್ಟ್ರಾನಮಿ ಡೊಮಿನೆ’ಯಲ್ಲಿ ಬ್ಯಾರೆಟನೊಡನೆ ಹಾಡಿರುವವನೂ ‘ಮಟಿಲ್ಡಾ ಮದರ್’ನ ಮುಖ್ಯ ಕಂಠವೂ ಅವನೇ. ಬ್ಯಾರೆಟನ ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲಿ ಅವನು ತಂಡದಿಂದ ದೂರವಾದನು. ಡೇವಿಡ್ ಗಿಲ್ಮರನು ಆ ಸ್ಥಾನಕ್ಕೆ ಬಂದನು. ಹಾಡುಗಳನ್ನು ಬರೆಯುವವರು ಯಾರೆಂಬ ಪ್ರಶ್ನೆ ಎದ್ದಾಗ ರೈಟನೂ ಕೈಹಾಕಿದನು. ‘ರಿಮೆಂಬರ್ ಎ ಡೇ’, ‘ಸೀ-ಸಾ’ ಇವು ಆ ವರ್ಷದ ‘ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್’ ಮುದ್ರಿಕೆಯಲ್ಲಿವೆ. ಬಾಲ್ಯದ ನೆನಪು, ಕಳೆದುಹೋದ ದಿನ, ಅಣ್ಣ ತಂಗಿಯರ ಆಟ ಇವು ವಸ್ತು. ಮಾತಿನ ಮಟ್ಟದಲ್ಲಿ ಇವು ಸಾಧಾರಣವೆಂದು ಒಪ್ಪಿಕೊಳ್ಳುವುದೇ ನ್ಯಾಯ. ಶಾರ್ಙ್ಗದೇವನ ಅಳತೆಗೋಲಿನಲ್ಲಿ ರೈಟನು ಮಧ್ಯಮ ವಾಗ್ಗೇಯಕಾರ. ಅದಕ್ಕಿಂತ ಮೇಲಿನ ಸ್ಥಾನವನ್ನು ನಾವು ಅವನಿಗೆ ಕೇಳುತ್ತಿಲ್ಲ. ಅವನ ಕಾಲದ ವಿಮರ್ಶೆ ಅಷ್ಟನ್ನಾದರೂ ಕೊಟ್ಟಿತೇ ಎಂಬುದಷ್ಟೇ ಪ್ರಶ್ನೆ.

1969ರ ‘ಉಮ್ಮಗುಮ್ಮ’ದಲ್ಲಿ ನಾಲ್ವರೂ ತಲಾ ಒಂದು ಭಾಗವನ್ನು ಒಬ್ಬೊಬ್ಬರೇ ರಚಿಸಿದರು. ರೈಟನದು ‘ಸಿಸಿಫಸ್’, ನಾಲ್ಕು ಖಂಡಗಳ ರಚನೆ. ಗಂಭೀರ ಸಂಗೀತವನ್ನು ಬರೆಯಬೇಕೆಂಬ ತರುಣನ ಹಂಬಲ ಇದರಲ್ಲಿ ಎದ್ದು ಕಾಣುತ್ತದೆ. ಹಂಬಲವೇ ಹೆಚ್ಚಾಗಿ ಕಾಣುತ್ತದೆಂದರೂ ತಪ್ಪಲ್ಲ. ಅದಕ್ಕಿಂತ 1971ರ ‘ಮೆಡ್ಲ್’ ಮುದ್ರಿಕೆಯ ಒಂದು ಪೂರ್ಣ ಮಗ್ಗುಲನ್ನು ತುಂಬಿರುವ ‘ಎಕೋಸ್’ ಹೆಚ್ಚು ಗಮನಾರ್ಹವಾದುದು. ಅದರ ಆರಂಭದಲ್ಲಿ ಪಿಯಾನೊದ ಒಂದೇ ಒಂದು ತಾರಸ್ವರ, ಲೆಸ್ಲಿ ಎಂಬ ತಿರುಗುವ ಧ್ವನಿಪೆಟ್ಟಿಗೆಯ ಮೂಲಕ ಬಂದು, ಮಿಡಿದು, ಬಹಳ ಹೊತ್ತು ಕೇಳುತ್ತಲೇ ಇರುತ್ತದೆ. ಮತ್ತೊಮ್ಮೆ ಅದೇ ಸ್ವರ. ನಮ್ಮ ಧ್ವನಿಸಿದ್ಧಾಂತಿಗಳು ವ್ಯಂಗ್ಯಾರ್ಥವನ್ನು ವಿವರಿಸಲು ಗಂಟೆಯ ಅನುರಣನವನ್ನು ಉಪಮಾನವಾಗಿ ತೆಗೆದುಕೊಂಡಿದ್ದಾರೆ. ಆ ಉಪಮಾನವನ್ನು ಇಲ್ಲಿ ಉಪಮಾನವಾಗಿ ಉಳಿಸಿಕೊಳ್ಳುವ ಅಗತ್ಯವೇ ಇಲ್ಲ. ಬಡಿತಕ್ಕಿಂತ ಅನುರಣನವೇ ಇಲ್ಲಿ ರಚನೆ. ಇಪ್ಪತ್ತಮೂರು ನಿಮಿಷಗಳನ್ನು ಮೀರಿದ ಆ ಕೃತಿ ನಾಲ್ವರ ಹೆಸರಿನಲ್ಲಿದೆ, ನಾಲ್ವರೂ ಸೇರಿ ಕಟ್ಟಿದ್ದೂ ನಿಜ. ಆದರೆ ಆ ಒಂದು ಸ್ವರವಿಲ್ಲದೆ ಅದಕ್ಕೆ ಬಾಗಿಲಿಲ್ಲ.

ಈಗ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕಡೆಗೆ ಬರೋಣ. ಅಮೆರಿಕದ ಬಿಲ್ಬೋರ್ಡ್ ಪಟ್ಟಿಯಲ್ಲಿ ಈ ಮುದ್ರಿಕೆ 1973ರಿಂದ 1988ರ ನಡುವೆ ಏಳುನೂರಕ್ಕೂ ಹೆಚ್ಚು ವಾರಗಳನ್ನು ಕಳೆಯಿತು. ಇದರ ಮಾತೆಲ್ಲ ವಾಟರ್ಸನದು. ಕಾಲ, ಹಣ, ಯುದ್ಧ, ಸಾವು, ಹುಚ್ಚು ಎಂಬ ವಸ್ತುಗಳನ್ನು ಒಂದು ಸೂತ್ರದಲ್ಲಿ ಪೋಣಿಸಿದವನೂ ಅವನೇ. ಈ ಕಾರಣದಿಂದ ಈ ಮುದ್ರಿಕೆಯ ಬಗ್ಗೆ ಬರೆಯುವವರು ವಾಟರ್ಸನ ದರ್ಶನದ ಬಗ್ಗೆ ಬರೆಯುತ್ತಾರೆ. ಆ ಮಾತುಗಳ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಅವನು ಮಾತಿನ ಶಿಲ್ಪಿ ಮಾತ್ರವೆಂದೂ ಹೇಳುವಂತಿಲ್ಲ. ಅದೇ ಮುದ್ರಿಕೆಯ ‘ಮನಿ’ಯಲ್ಲಿ ಮಾತು ಧಾತುಗಳೆರಡೂ ಅವನವೇ. ಆದರೆ ‘ಅಸ್ ಅಂಡ್ ದೆಮ್’ ಎಂಬ ಹಾಡಿನ ಹುಟ್ಟನ್ನು ನೋಡಿದರೆ ಬೇರೊಂದು ಚಿತ್ರ ದೊರೆಯುತ್ತದೆ.

ಇಟಲಿಯ ಚಿತ್ರನಿರ್ದೇಶಕ ಮಿಕೆಲಾಂಜೆಲೊ ಆಂಟೋನಿಯೋನಿ ತನ್ನ ‘ಜಬ್ರಿಸ್ಕಿ ಪಾಯಿಂಟ್’ ಚಿತ್ರಕ್ಕಾಗಿ 1969ರ ಕೊನೆಯಲ್ಲಿ ಪಿಂಕ್ ಫ್ಲಾಯ್ಡ್ ತಂಡವನ್ನು ರೋಮಿಗೆ ಕರೆಸಿಕೊಂಡಿದ್ದನು. ಚಿತ್ರದಲ್ಲಿ ವಿದ್ಯಾರ್ಥಿಗಳಿಗೂ ಪೊಲೀಸರಿಗೂ ನಡೆಯುವ ಘರ್ಷಣೆಯ ದೃಶ್ಯವೊಂದಿದೆ. ಅದಕ್ಕಾಗಿ ರೈಟನು ಪಿಯಾನೊದಲ್ಲಿ ಒಂದು ನಿಧಾನಗತಿಯ ರಚನೆಯನ್ನು ಮಾಡಿಕೊಟ್ಟನು. ಲಾಠಿ ಏಟಿನ ದೃಶ್ಯಕ್ಕೆ ಇಷ್ಟು ವಿಷಣ್ಣವಾದ, ಇಷ್ಟು ಸಮಾಧಾನದ ಸಂಗೀತ! ನಿರ್ದೇಶಕನಿಗೆ ಅದು ಹಿಡಿಸಲಿಲ್ಲ, ಕೈಬಿಟ್ಟನು. ರಚನೆ ಎರಡು ಮೂರು ವರ್ಷ ಪೆಟ್ಟಿಗೆಯಲ್ಲಿ ಕುಳಿತಿತ್ತು. ‘ಡಾರ್ಕ್ ಸೈಡ್’ ಕಟ್ಟುವ ಕಾಲಕ್ಕೆ ಅದನ್ನು ಹೊರತೆಗೆದರು. ವಾಟರ್ಸನು ಅದಕ್ಕೆ ಯುದ್ಧದ ಮಾತನ್ನು ಹೊಂದಿಸಿದನು. ಅಂದರೆ ಹಿಂಸೆಯನ್ನು ಮಂದಗತಿಯ ಶೋಕದಿಂದ ನೋಡಬೇಕೆಂಬ ತೀರ್ಮಾನ ಧಾತುವಿನಲ್ಲಿ ಮೊದಲು ಆಗಿಹೋಗಿತ್ತು. ಮಾತು ಅದನ್ನು ಅನುಸರಿಸಿತು. ಈ ಒಂದು ಹಾಡಿನ ಮಟ್ಟಿಗೆ ರೈಟನು ಧಾತುಕಾರ, ವಾಟರ್ಸನು ಕುಟ್ಟಿಕಾರ. ಈ ಶಬ್ದದಲ್ಲಿ ನಿಂದೆಯ ಅರ್ಥವನ್ನು ಯಾರೂ ಹುಡುಕಬೇಕಾಗಿಲ್ಲ. ಬಹಳ ಒಳ್ಳೆಯ ಕುಟ್ಟಿಕಾರನೆಂದೇ ಹೇಳುತ್ತೇವೆ.

ಆ ಧಾತುವಿನ ಸ್ವರೂಪವನ್ನು ತುಸು ವಿವರಿಸಬೇಕು. ಹಲವು ಸ್ವರಗಳನ್ನು ಏಕಕಾಲದಲ್ಲಿ ನುಡಿಸುವ ಸ್ವರಮೇಳವನ್ನು ಪಾಶ್ಚಾತ್ಯರು ಕಾರ್ಡ್ ಎನ್ನುತ್ತಾರೆ. ‘ಅಸ್ ಅಂಡ್ ದೆಮ್’ನ ಚರಣದಲ್ಲಿ ಇಂಥ ನಾಲ್ಕು ಮೇಳಗಳು ಒಂದಾದ ಮೇಲೊಂದರಂತೆ ಬರುತ್ತವೆ. ಕೆಳಗಿನ ಮಂದ್ರಸ್ವರ ಮಾತ್ರ ಕದಲುವುದಿಲ್ಲ. ನಮ್ಮ ಕಿವಿಗೆ ಅದು ತಂಬೂರಿಯ ಷಡ್ಜದಂತೆ ಕೇಳಿಸುತ್ತದೆ. ಮೂರನೆಯ ಮೇಳದಲ್ಲಿ ಗಾಂಧಾರವು ಇಳಿದು ಸಾಧಾರಣ ಗಾಂಧಾರವಾಗುತ್ತದೆ. ಆದರೆ ನಿಷಾದವು ಏರಿದ ಕಾಕಲಿ ನಿಷಾದವಾಗಿಯೇ ನಿಲ್ಲುತ್ತದೆ. ಕೀರವಾಣಿ, ಗೌರೀಮನೋಹರಿಗಳನ್ನು ಬಲ್ಲವರಿಗೆ ಈ ಜೋಡಿ ಹೊಸತಲ್ಲ. ಆದರೆ ರಾಗದಲ್ಲಿ ಅವು ಒಂದರ ನಂತರ ಒಂದು ಬರುತ್ತವೆ. ಇಲ್ಲಿ ಎರಡೂ ಏಕಕಾಲದಲ್ಲಿ ನುಡಿಯುವುದರಿಂದ ಒಂದು ಬಗೆಯ ನೋವು, ಬಿಡಿಸಿಕೊಳ್ಳಲಾಗದ ಇಕ್ಕಟ್ಟು ಕೇಳಿಸುತ್ತದೆ. ನಾಲ್ಕನೆಯ ಮೇಳ ಅದನ್ನು ಮೆಲ್ಲಗೆ ಸಡಿಲಿಸಿ ಮತ್ತೆ ಮೊದಲಿಗೆ ತಂದು ಬಿಡುತ್ತದೆ. (ಪಾಶ್ಚಾತ್ಯ ರಚನೆಗೆ ರಾಗದ ಹೆಸರನ್ನು ಅಂಟಿಸುವ ಹವ್ಯಾಸ ನಮ್ಮಲ್ಲಿ ಹಲವರಿಗಿದೆ, ನಾವು ಹೋಲಿಸಿದ್ದು ಸ್ವರಸ್ಥಾನಗಳನ್ನು ಮಾತ್ರ.) ಇದೇ ಮುದ್ರಿಕೆಯ ‘ಬ್ರೀದ್’ ಹಾಡಿನಲ್ಲಿ ಬರುವ ಒಂದು ಮೇಳವನ್ನು ತಾನು ಮೈಲ್ಸ್ ಡೇವಿಸನ 1959ರ ‘ಕೈಂಡ್ ಆಫ್ ಬ್ಲೂ’ ಮುದ್ರಿಕೆಯಿಂದ ಕಲಿತದ್ದಾಗಿ ರೈಟನೇ ಹೇಳಿದ್ದಾನೆ. ಜಾಜ್‌ನ ಸ್ವರಮೇಳಗಳನ್ನು ರಾಕ್ ಹಾಡಿನ ಒಳಕ್ಕೆ ಸದ್ದಿಲ್ಲದೆ ಸಾಗಿಸಿದ್ದು ಅವನ ದೊಡ್ಡ ಕೆಲಸವೆಂದು ನಮ್ಮ ಅಭಿಪ್ರಾಯ.

ಮಾತೇ ಇಲ್ಲದ ಹಾಡೊಂದು ಇದೇ ಮುದ್ರಿಕೆಯಲ್ಲಿದೆ. ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ ಮರಣವನ್ನು ಕುರಿತದ್ದು. 1972ರ ಕಚೇರಿಗಳಲ್ಲಿ ಇದು ಆರ್ಗನ್ ರಚನೆಯಾಗಿತ್ತು; ಅದರ ಮೇಲೆ ಬೈಬಲ್ ಪಠನದ ಧ್ವನಿಮುದ್ರಣವನ್ನು ಹಾಕುತ್ತಿದ್ದರು. ಆಮೇಲೆ ಅದು ಪಿಯಾನೊಕ್ಕೆ ತಿರುಗಿತು. ಮೊದಲ ಮೇಳದಿಂದ ಎರಡನೆಯ ಮೇಳಕ್ಕಿರುವ ಅಂತರ ಷಡ್ಜದಿಂದ ಪ್ರತಿಮಧ್ಯಮಕ್ಕಿರುವಷ್ಟು. ಪಾಶ್ಚಾತ್ಯ ಕ್ರಮದಲ್ಲಿ ಇದಕ್ಕಿಂತ ದೂರದ ನೆಗೆತವಿಲ್ಲ. ನೆಲ ಕಾಲಡಿಯಿಂದ ಜಾರಿದಂತಾಗುತ್ತದೆ, ಆದರೆ ಪಿಯಾನೊದ ಸ್ಪರ್ಶ ಎಷ್ಟು ಮೃದುವೆಂದರೆ ಜಾರಿದ್ದು ತಿಳಿಯುವುದೇ ತಡವಾಗಿ. 1973ರ ಜನವರಿಯಲ್ಲಿ ಕ್ಲೇರ್ ಟೋರಿ ಎಂಬ ಗಾಯಕಿಯನ್ನು ಅಬ್ಬಿ ರೋಡ್ ಸ್ಟುಡಿಯೋಕ್ಕೆ ಕರೆಸಿದರು. ಹಾಡಲು ನುಡಿಯೂ ಇರಲಿಲ್ಲ, ರಾಗವೂ ಇರಲಿಲ್ಲ. ಆಕೆ ತನ್ನ ಕಂಠವನ್ನೇ ವಾದ್ಯವೆಂದು ಭಾವಿಸಿ ಹಾಡಿದಳು. ನಾವು ಆಲಾಪನೆಯೆನ್ನುವುದಕ್ಕೆ ಇದು ಬಹಳ ಸಮೀಪದ್ದು. ಗೋಳಾಟ, ಪ್ರತಿಭಟನೆ, ಸೋತು ಒಪ್ಪಿಕೊಳ್ಳುವಿಕೆ ಎಲ್ಲವೂ ಅದರಲ್ಲುಂಟು. ಆಕೆಗೆ ದೊರೆತ ಸಂಭಾವನೆ 30 ಪೌಂಡ್. ಮುದ್ರಿಕೆಯ ಮೇಲೆ ರಚನಕಾರನೆಂದು ಅಚ್ಚಾದದ್ದು ರೈಟನ ಹೆಸರೊಂದೇ.

ನಮ್ಮ ವಾದಕ್ಕೆ ಇದು ತೊಡಕಾದ ಸಂಗತಿ. ಧಾತುಕಾರನಿಗೆ ಅನ್ಯಾಯವಾಯಿತೆಂದು ನಾವು ಯಾರ ಪರವಾಗಿ ಮಾತನಾಡುತ್ತಿದ್ದೇವೆಯೋ ಅವನ ಹೆಸರಿನ ಕೆಳಗೇ ಇನ್ನೊಬ್ಬರ ಧಾತು ಮೂವತ್ತು ವರ್ಷ ಅಡಗಿತ್ತು. ಮೇಳಗಳ ಸರಣಿ ರೈಟನದು. ಆದರೆ ಆ ಸರಣಿಯ ಮೇಲೆ ಜನ ನೆನಪಿಟ್ಟುಕೊಂಡಿರುವ ಗೇಯ ಟೋರಿಯದು. ಆಕೆ 2004ರಲ್ಲಿ ನ್ಯಾಯಾಲಯದ ಮೊರೆಹೊಕ್ಕಳು. 2005ರಲ್ಲಿ ರಾಜಿಯಾಗಿ, ಅಲ್ಲಿಂದಾಚೆಗಿನ ಮುದ್ರಣಗಳಲ್ಲಿ ರೈಟ್ ಮತ್ತು ಟೋರಿ ಇಬ್ಬರ ಹೆಸರೂ ಬರುತ್ತಿವೆ. ಇದು ಕೇವಲ ಕೀರ್ತಿಯ ವಿಚಾರವಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪಾಶ್ಚಾತ್ಯ ಸಂಗೀತೋದ್ಯಮದಲ್ಲಿ ರಚನಕಾರನ ಗೌರವಧನ ಬೇರೆ, ವಾದಕನ ಅಥವಾ ಗಾಯಕನ ಸಂಭಾವನೆ ಬೇರೆ. ಮೊದಲನೆಯದು ಹಾಡು ಬದುಕಿರುವವರೆಗೂ ಬರುತ್ತದೆ; ಎರಡನೆಯದು ಆ ದಿನದ ಕೂಲಿ. ಹೆಸರು ಎಲ್ಲಿ ಅಚ್ಚಾಗುತ್ತದೆಂಬುದರ ಮೇಲೆ ಒಬ್ಬರ ಜೀವನೋಪಾಯವೇ ನಿಂತಿರಬಹುದು. ರೈಟನು ಉದ್ದೇಶಪೂರ್ವಕವಾಗಿ ಆಕೆಯನ್ನು ವಂಚಿಸಿದನೆಂದು ನಾವು ಹೇಳುತ್ತಿಲ್ಲ. ಆ ಕಾಲದ ಪದ್ಧತಿ ಹಾಗಿತ್ತು. ಆದರೆ ಅದೇ ಪದ್ಧತಿ ಅವನ ಕಡೆಗೂ ತಿರುಗಿತು.

ತಿರುಗುವ ಮೊದಲು 1975ರ ‘ವಿಶ್ ಯು ವರ್ ಹಿಯರ್’ ಇದೆ. ಅದರಲ್ಲಿ ಒಂಬತ್ತು ಭಾಗಗಳ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಬ್ಯಾರೆಟನ ಸ್ಮರಣೆಯಲ್ಲಿ ಕಟ್ಟಿದ ಕೃತಿ. ಬ್ಯಾರೆಟನು ಇನ್ನೂ ಬದುಕಿದ್ದನು. ಆ ವರ್ಷದ ಜೂನ್ 5ರಂದು ಧ್ವನಿಮುದ್ರಣ ನಡೆಯುತ್ತಿದ್ದ ಕೊಠಡಿಗೇ ಬಂದನು. ಮೈ ಊದಿ, ತಲೆ ಹುಬ್ಬುಗಳನ್ನೆಲ್ಲ ಬೋಳಿಸಿಕೊಂಡಿದ್ದ ಅವನನ್ನು ಹಳೆಯ ಗೆಳೆಯರು ತಕ್ಷಣ ಗುರುತಿಸಲಿಲ್ಲ. ವಾಟರ್ಸನ ಮಾತು ಈ ಹಾಡಿನಲ್ಲಿ ಬ್ಯಾರೆಟನನ್ನು ಸಂಬೋಧಿಸುತ್ತದೆ. ಪ್ರಶಂಸೆ, ಮರುಕ, ಕರೆ ಎಲ್ಲವನ್ನೂ ಹೇಳುತ್ತದೆ. ಒಂಬತ್ತನೆಯ ಭಾಗ ಮಾತ್ರ ರೈಟನೊಬ್ಬನ ಹೆಸರಿನಲ್ಲಿದೆ, ಅಲ್ಲಿ ಮಾತಿಲ್ಲ. ನಿಧಾನವಾದ ಶವಯಾತ್ರೆಯ ನಡೆಯಲ್ಲಿ ಸಾಗಿ, ನಾದವೆಲ್ಲ ಅಡಗುತ್ತಿರುವ ಕೊನೆಯ ಕ್ಷಣಗಳಲ್ಲಿ, ಬ್ಯಾರೆಟನ 1967ರ ‘ಸೀ ಎಮಿಲಿ ಪ್ಲೇ’ ಹಾಡಿನ ಒಂದು ತುಣುಕನ್ನು ರೈಟನು ಸಿಂಥಸೈಜರಿನಲ್ಲಿ ನುಡಿಸಿ ಬಿಡುತ್ತಾನೆ. ಹಲವರು ಅದನ್ನು ಗಮನಿಸುವುದೇ ಇಲ್ಲ. ಗೆಳೆಯನ ಬಗ್ಗೆ ಹೇಳುವುದಕ್ಕೆ ಬದಲಾಗಿ ಗೆಳೆಯನ ಸ್ವರವನ್ನೇ ಅವನಿಗೆ ಹಿಂದಿರುಗಿಸಿದ ಈ ನಾಲ್ಕಾರು ಸೆಕೆಂಡುಗಳನ್ನು ನಾವು ಇಡೀ ಕೃತಿಯ ಹೃದಯವೆಂದು ಎಣಿಸುತ್ತೇವೆ. ಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಅಡಿಟಿಪ್ಪಣಿ.

1977ರ ‘ಅನಿಮಲ್ಸ್’ನಲ್ಲಿ ರಚನಕಾರನಾಗಿ ರೈಟನ ಹೆಸರಿಲ್ಲ. 1978ರಲ್ಲಿ ‘ವೆಟ್ ಡ್ರೀಮ್’ ಎಂಬ ಸ್ವಂತ ಮುದ್ರಿಕೆಯನ್ನು ತಂದನು. ಹಿತವಾಗಿದೆ, ಸ್ವಲ್ಪ ಸಪ್ಪೆ. 1979ರ ‘ದಿ ವಾಲ್’ ಸಿದ್ಧವಾಗುತ್ತಿದ್ದಾಗ ವಾಟರ್ಸನು ಅವನನ್ನು ತಂಡದಿಂದ ಹೊರಹಾಕಿಸಿದನು. 1980-81ರ ‘ವಾಲ್’ ಕಚೇರಿಗಳಲ್ಲಿ ರೈಟನು ಸಂಬಳಕ್ಕೆ ನುಡಿಸುವವನಾಗಿ, ತಾನೇ ಸ್ಥಾಪಿಸಿದ ತಂಡದ ಜೊತೆ ವೇದಿಕೆ ಹತ್ತಿದನು. ಆ ಕಚೇರಿಗಳ ಖರ್ಚು ವಿಪರೀತವಾಗಿ ಮಿಕ್ಕ ಮೂವರಿಗೂ ನಷ್ಟವಾಯಿತು. ಸಂಬಳ ಪಡೆದ ರೈಟನೊಬ್ಬನಿಗೇ ಲಾಭ. ಈ ವಿನೋದವನ್ನು ಎಲ್ಲರೂ ಹೇಳುತ್ತಾರೆ. ವಿನೋದ ನಿಜವೇ, ಆದರೆ ರಚನಕಾರನೊಬ್ಬನು ದಿನಗೂಲಿಯವನಾದದ್ದು ಅದರಿಂದ ಮರೆಯಾಗಬಾರದು. 1983ರ ‘ದಿ ಫೈನಲ್ ಕಟ್’ನಲ್ಲಿ ಅವನು ಇಲ್ಲವೇ ಇಲ್ಲ.

ವಾಟರ್ಸನ ಪಕ್ಷದಿಂದ ಹೇಳಬಹುದಾದ ಮಾತನ್ನೂ ಇಲ್ಲಿ ಹೇಳಬೇಕು. ಆ ದಿನಗಳಲ್ಲಿ ರೈಟನು ಹೊಸದಾಗಿ ತಂದುಕೊಟ್ಟದ್ದು ಅತ್ಯಲ್ಪ. ಸಂಸಾರದ ತಾಪತ್ರಯ, ಮನಸ್ಸಿನ ಕುಗ್ಗುವಿಕೆ ಇವುಗಳಿಂದ ತಾನು ನಿಷ್ಕ್ರಿಯನಾಗಿದ್ದುದನ್ನು ಅವನೇ ನಂತರ ಒಪ್ಪಿದ್ದಾನೆ. ಇಪ್ಪತ್ತಾರು ಹಾಡುಗಳ ದೊಡ್ಡ ಕಥಾನಕವೊಂದನ್ನು ಹೊತ್ತು ಬಂದವನಿಗೆ ಸುಮ್ಮನೆ ಕುಳಿತ ಸಂಗಡಿಗನನ್ನು ಕಂಡು ಸಹನೆ ತಪ್ಪಿದರೆ ಆಶ್ಚರ್ಯವಿಲ್ಲ. ಆದರೆ ನಮ್ಮ ಪ್ರಶ್ನೆ ವ್ಯಕ್ತಿಗಳ ಜಗಳದ್ದಲ್ಲ. ಕೃತಿ ಕಥಾನಕವಾಗುತ್ತಾ ಹೋದಂತೆ, ಮಾತು ಬೆಳೆಯುತ್ತಾ ಹೋದಂತೆ, ಆ ತಂಡದ ಸಂಗೀತದಲ್ಲಿ ಅವಕಾಶ ಕಿರಿದಾಯಿತು. ‘ಎಕೋಸ್’ನಲ್ಲಿ ಒಂದು ಸ್ವರ ತನ್ನ ಪಾಡಿಗೆ ಅನುರಣಿಸಲು ಇದ್ದ ಜಾಗ ‘ದಿ ಫೈನಲ್ ಕಟ್’ನಲ್ಲಿ ಇಲ್ಲ. ಅಲ್ಲಿ ಪ್ರತಿಯೊಂದು ಕ್ಷಣವೂ ಏನನ್ನಾದರೂ ಹೇಳುತ್ತಲೇ ಇರುತ್ತದೆ. ರೈಟನ ಕೊರತೆಯನ್ನು ಅಲ್ಲಿ ನಾವು ಕೇಳುವುದು ವಾದ್ಯವೊಂದರ ಕೊರತೆಯಾಗಿ ಅಲ್ಲ, ಬಿಡುವಿನ ಕೊರತೆಯಾಗಿ.

ತಂಡದಿಂದ ಹೊರಗಿದ್ದಾಗಿನ ಕೆಲಸವನ್ನು ಹೊಗಳಲು ನಮ್ಮಿಂದಾಗದು. ಡೇವ್ ಹ್ಯಾರಿಸನೊಡನೆ ‘ಜೀ’ ಎಂಬ ಹೆಸರಿನಲ್ಲಿ 1984ರಲ್ಲಿ ತಂದ ‘ಐಡೆಂಟಿಟಿ’ ಯಂತ್ರದ ಸದ್ದಿನಲ್ಲಿ ಮುಳುಗಿದೆ. ಅದು ತನ್ನ ತಪ್ಪೆಂದು ರೈಟನೇ ಎಣಿಸಿದ್ದನು. ವಾಟರ್ಸನು 1985ರಲ್ಲಿ ತಂಡವನ್ನು ಬಿಟ್ಟ ಮೇಲೆ ರೈಟನು ಹಿಂದಿರುಗಿದನು. 1994ರ ‘ದಿ ಡಿವಿಜನ್ ಬೆಲ್’ನಲ್ಲಿ ಅವನ ಕೈ ಮತ್ತೆ ಸ್ಪಷ್ಟವಾಗಿ ಕೇಳಿಸುತ್ತದೆ. ಗಿಲ್ಮರನೊಡನೆ ರಚಿಸಿದ ‘ಮರೂನ್ಡ್’ ಎಂಬ ವಾದ್ಯರಚನೆಗೆ 1995ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಅದಕ್ಕಿಂತ ‘ವೇರಿಂಗ್ ದಿ ಇನ್‌ಸೈಡ್ ಔಟ್’ ಮುಖ್ಯವಾದುದು. ಧಾತು ರೈಟನದು, ಮಾತು ಆಂಥನಿ ಮೂರನದು, ಕಂಠವೂ ರೈಟನದೇ. ಬಹುಕಾಲ ಮಾತನ್ನೇ ಕಳೆದುಕೊಂಡಿದ್ದವನೊಬ್ಬನು ಮೆಲ್ಲಗೆ ಬಾಯಿ ತೆರೆಯುವುದು ಅದರ ವಸ್ತು. ಮಾತು ಬೇರೆಯವರದಾದರೂ ಅದನ್ನು ಬೇರೆ ಯಾರಾದರೂ ಹಾಡಿದ್ದರೆ ಅರ್ಧ ಅರ್ಥ ಹೋಗಿಬಿಡುತ್ತಿತ್ತು. 1996ರ ‘ಬ್ರೋಕನ್ ಚೈನಾ’ ಖಿನ್ನತೆಯಿಂದ ಬಳಲುವವರೊಬ್ಬರ ಕಥನ. ಅಲ್ಲಿಯೂ ಮಾತು ಮೂರನದು; ಎರಡು ಹಾಡುಗಳನ್ನು ಶಿನೇಡ್ ಓ’ಕಾನರ್ ಹಾಡಿದ್ದಾರೆ. ಅವನ ಸ್ವಂತ ಮುದ್ರಿಕೆಗಳಲ್ಲಿ ತೂಕವುಳ್ಳದ್ದು ಇದೊಂದೇ. ತನಗೆ ಯಾವುದು ಬರುವುದಿಲ್ಲವೆಂಬುದನ್ನು ಅರಿತು, ಆ ಕೆಲಸವನ್ನು ಬಲ್ಲವರಿಗೆ ಒಪ್ಪಿಸಿದ ಮೇಲೆ ಅವನ ಬರವಣಿಗೆ ಗಟ್ಟಿಯಾಯಿತು.

2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ‘ಲೈವ್ 8’ ಕಚೇರಿಗಾಗಿ ನಾಲ್ವರೂ ಒಂದೇ ವೇದಿಕೆಯ ಮೇಲೆ ಬಂದರು, ಅದೇ ಕೊನೆಯದಾಯಿತು. ಮರುವರ್ಷ ಗಿಲ್ಮರನ ಪ್ರವಾಸದಲ್ಲಿ ರೈಟನು ಜೊತೆಗಿದ್ದನು. ಅಲ್ಲಿ ‘ಎಕೋಸ್’ ಮತ್ತೆ ನುಡಿಯಿತು. 2008ರ ಸೆಪ್ಟೆಂಬರ್ 15ರಂದು, 65ನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡನು. ‘ಡಿವಿಜನ್ ಬೆಲ್’ ಕಾಲದಲ್ಲಿ ಮುದ್ರಿಸಿ ಉಳಿದಿದ್ದ ಅವನ ನುಡಿಸಾಣಿಕೆಯನ್ನು ಆಧಾರವಾಗಿಟ್ಟುಕೊಂಡು ಗಿಲ್ಮರನೂ ಮೇಸನನೂ 2014ರಲ್ಲಿ ‘ದಿ ಎಂಡ್‌ಲೆಸ್ ರಿವರ್’ ಮುದ್ರಿಕೆಯನ್ನು ಹೊರತಂದರು. ಅದರಲ್ಲಿ ಮಾತಿರುವ ಹಾಡು ಒಂದೇ, ಉಳಿದುದೆಲ್ಲ ವಾದ್ಯರಚನೆ. ಅದರ ನಡುವೆ ‘ಆಟಮ್ 68’ ಎಂಬ ಪುಟ್ಟ ತುಣುಕೊಂದಿದೆ. 1969ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನ ದೊಡ್ಡ ಕೊಳವೆ ಆರ್ಗನ್ನಿನ ಮುಂದೆ ಕುಳಿತು ಇಪ್ಪತ್ತೈದರ ರೈಟನು ನುಡಿಸಿದ್ದನ್ನು ಆಗ ಯಾರೋ ಮುದ್ರಿಸಿಕೊಂಡಿದ್ದರು. ನಲವತ್ತೈದು ವರ್ಷಗಳ ನಂತರ ಅದನ್ನು ತೆಗೆದು ಅಲ್ಲಿ ಸೇರಿಸಿದ್ದಾರೆ. ಆ ತುಣುಕಿಗೆ ರಚನಕಾರನೆಂದು ಅವನ ಹೆಸರೊಂದೇ ಇದೆ.